ಬೆಳಗಾಗುವ ಮೊದಲಿನ ತಾರೀಕು

ಜೂನ್ ಹದಿನೆಂಟು, ಗುರುವಾರ. ನಂಜನಗೂಡು ಬಿಟ್ಟದ್ದು ಎಂಟೂ ಹತ್ತಕ್ಕೆ. ಟಿ. ನರಸೀಪುರ ತಲುಪಿದ್ದು ಒಂಬತ್ತೂವರೆಗೆ. ದಾರಿಯಲ್ಲಿ ಮಗು ಕೇಳಿದ ಪ್ರಶ್ನೆಗಳು ಮೂವತ್ತೊಂದು. ಅದರಲ್ಲಿ ನನಗೆ ಉತ್ತರ ಗೊತ್ತಿದ್ದದ್ದು ಹದಿನಾಲ್ಕು.

ನನ್ನ ಡೈರಿಯಲ್ಲಿ ಆ ದಿನದ ಪುಟದ ಮೇಲಿನ ಅರ್ಧದಲ್ಲಿ ಇಷ್ಟಿದೆ. ಕೆಳಗಿನ ಅರ್ಧ ಖಾಲಿ. ಹನ್ನೆರಡನೇ ವಯಸ್ಸಿನಿಂದ ಬರೆಯುತ್ತಿದ್ದೇನೆ, ಈಗ ಇಪ್ಪತ್ತೆರಡು. ಅರ್ಧ ಪುಟ ಖಾಲಿ ಬಿಟ್ಟದ್ದು ಅದೊಂದೇ ದಿನ. ಹೆದರಿಕೆಯನ್ನು ಹೇಗೆ ಎಣಿಸುವುದು ಅಂತ ತಿಳಿಯದೆ ಬಿಟ್ಟದ್ದು.

ಮಗು ಎಂದರೆ ನನ್ನ ಅಕ್ಕನ ಮಗಳು. ಆರು ವರ್ಷ. ಅಕ್ಕ, ಭಾವ, ಅಮ್ಮ, ನಾನು, ಮಗು, ಐದು ಜನ ನಂಜನಗೂಡಿನಲ್ಲಿ ಒಂದೇ ಮನೆಯಲ್ಲಿದ್ದೇವೆ. ಅಕ್ಕ ಹೈಸ್ಕೂಲಿನಲ್ಲಿ ಟೀಚರ್, ಭಾವ ಭೂಮಾಪನ ಕಚೇರಿಯಲ್ಲಿ ಸರ್ವೆಯರ್. ಇಬ್ಬರೂ ಹೊರಗೆ ಹೋಗುವುದರಿಂದ ಮಗು ನನ್ನ ಕೈಯಲ್ಲೇ ಬೆಳೆಯಿತು. ಮೂರೂವರೆ ವರ್ಷಕ್ಕೆ ತಾನಾಗಿ ಓದಲು ಕಲಿತಳು. ಬಸ್ಸಿನ ಬೋರ್ಡು, ಔಷಧಿ ಚೀಟಿ, ಭಾವನ ಚೀಲದಲ್ಲಿದ್ದ ಪಹಣಿ, ಎಲ್ಲವನ್ನೂ ಓದುವಳು. ಒಂದನೇ ತರಗತಿಗೆ ಸೇರಿಸಿದ ಎರಡನೇ ವಾರದಲ್ಲೇ ಟೀಚರ್ ಕರೆಸಿದರು. ಪುಸ್ತಕವೆಲ್ಲ ಓದಿ ಮುಗಿಸಿ ಬೆಂಚಿನ ಕೆಳಗೆ ಹೋಗಿ ಮಲಗುತ್ತಾಳೆ, ಏನು ಮಾಡಲಿ ಎಂದರು.

ಭಾವನಿಗೆ ಆಗಲೇ ಒಂದು ದಾರಿ ಗೊತ್ತಿತ್ತು. ಮೈಸೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಶಾಲೆ, ಅದರಲ್ಲಿ ಚುರುಕು ಮಕ್ಕಳಿಗೆಂದೇ ಒಂದು ವಿಶೇಷ ತರಗತಿ. ಅಲ್ಲಿ ಮೂರು ವರ್ಷದ ಪಾಠ ಎರಡು ವರ್ಷಕ್ಕೆ ಮುಗಿಯುತ್ತದೆ. ಸೇರಬೇಕಾದರೆ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ನೂರಮೂವತ್ತು ಬಂದಿರಬೇಕು. ಜುಲೈ ಹದಿನೈದರೊಳಗೆ ವರದಿ ಕೊಡಬೇಕು.

"ನಾನು ಓದಿದ್ದು ಹೆಮ್ಮರಗಾಲದಲ್ಲಿ. ಒಂದೇ ರೂಮು, ನಾಲ್ಕು ಕ್ಲಾಸು," ಎಂದರು ಭಾವ. "ಮೇಷ್ಟ್ರು ಹೇಳೋದೆಲ್ಲ ನಂಗೆ ಮೊದಲೇ ಬರ್ತಿತ್ತು. ಮೂರು ವರ್ಷ ಬರೀ ಕಿಟಕಿ ನೋಡ್ಕೊಂಡು ಕೂತಿದ್ದೆ. ಇವಳು ಹಾಗೆ ಕೂರಬಾರದು."

ಅದು ನ್ಯಾಯವಾದ ಮಾತು. ಆದರೆ ಅಕ್ಕ ಮತ್ತು ನಾನು ಆ ತರಗತಿಯನ್ನು ನೋಡಲು ಹೋಗಿದ್ದೆವು. ಹನ್ನೊಂದು ಮಕ್ಕಳಿದ್ದರು. ಪ್ರತಿ ಮೇಜಿನ ಮೇಲೂ ಮರಳು ಇಳಿಯುವ ಒಂದು ಪ್ಲಾಸ್ಟಿಕ್ ಗಡಿಯಾರ. ಬಾಗಿಲಲ್ಲಿ ಇಬ್ಬರು ಹೊಸಬರು ನಿಂತರೂ ಒಂದು ಮಗುವೂ ತಲೆ ಎತ್ತಲಿಲ್ಲ. ಮುಂದಿನ ಸಾಲಿನ ಹುಡುಗಿಯ ಹೆಬ್ಬೆರಳಿನ ಉಗುರು ಕಚ್ಚಿ ಕಚ್ಚಿ ರಕ್ತ ಒಸರಿತ್ತು. ಅವಳು ಅದನ್ನು ಲಂಗಕ್ಕೆ ಒರೆಸಿಕೊಂಡು ಮತ್ತೆ ಬರೆದಳು.

ಪರೀಕ್ಷೆ ಮಾಡುವ ಮೇಡಂ ಗುರುವಾರ ಮಾತ್ರ ನರಸೀಪುರಕ್ಕೆ ಬರುತ್ತಿದ್ದರು. ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ, ಮೆಡಿಕಲ್ ಅಂಗಡಿಯ ಮೇಲಿನ ಎರಡು ರೂಮು. ಅಕ್ಕನಿಗೆ ರಜೆ ಸಿಗದೆ ಮೊದಲ ಸಲ ನಾನೊಬ್ಬಳೇ ಮಗುವನ್ನು ಕರೆದುಕೊಂಡು ಹೋದೆ. ಹೊರಗಿನ ಬೆಂಚಿನಲ್ಲಿ ಹುಲ್ಲಹಳ್ಳಿ ಕಡೆಯ ಒಬ್ಬ ಅಜ್ಜಿ, ಮಾತು ತಡವಾದ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದಳು.

"ನಿಮ್ ಮಗೀಗೆ ಏನಾಗದವ್ವಾ?" ಎಂದಳು.

"ಏನೂ ಆಗಿಲ್ಲ. ಬುದ್ಧಿ ಅಳೆಸೋಕೆ ಬಂದಿದೀವಿ."

"ಬುದ್ದಿ ಅಳ್ಯದಾ? ಸೇರ್ನಲ್ಲೋ ಪಾವ್ನಲ್ಲೋ?" ಅವಳು ಬೊಚ್ಚು ಬಾಯಿ ತೆರೆದು ನಕ್ಕಳು. "ಏನೂ ಆಗ್ದೆ ಇರೋ ಮಗೀನ ಯಾರಾರ ಇಲ್ಲಿಗ್ ಕರ್ಕಂಡ್ ಬತ್ತಾರಾ? ಓಗವ್ವಾ, ಬಿಸ್ಲಲ್ಲಿ ಆಡ್ಸ್ಕಂಡಿರು."

ಮಗುವಿಗೆ ನಗು ಬಂತು. ನನಗೆ ಬರಲಿಲ್ಲ.

ಫಾರಮ್ಮು ತುಂಬಿದ್ದು ನಾನೇ. ಮಗುವಿನ ಜನ್ಮ ದಿನಾಂಕದ ಜಾಗದಲ್ಲಿ ಹದಿನೆಂಟು ಫೆಬ್ರವರಿ ಎಂದು ಬರೆದೆ. "ಬರ್ತ್ ಸರ್ಟಿಫಿಕೇಟ್ ತಂದಿದೀರಾ?" ಎಂದು ಮೇಡಂ ಕೇಳಿದರು. ಅದು ಭಾವನ ಫೈಲಿನಲ್ಲಿತ್ತು. "ತಂದಿಲ್ಲ. ಆದರೆ ನನ್ನ ತಾರೀಕು ತಪ್ಪಲ್ಲ ಮೇಡಂ. ಮಗು ಹುಟ್ಟಿದ ದಿನವೇ ಡೈರಿಯಲ್ಲಿ ಬರೆದಿಟ್ಟಿದೀನಿ," ಎಂದೆ. ಹೇಳುವಾಗ ಸ್ವಲ್ಪ ಜಂಬವೇ ಇತ್ತು. ಅವರು ಬೆರಳು ಮಡಚಿ ಲೆಕ್ಕ ಹಾಕಿದರು.

"ಇವತ್ತಿಗೆ ಸರಿಯಾಗಿ ಆರು ವರ್ಷ ನಾಲ್ಕು ತಿಂಗಳು. ನಿನ್ನೆ ಬಂದಿದ್ರೆ ಹಿಂದಿನ ಪುಟ ನೋಡಬೇಕಿತ್ತು."

"ಹಿಂದಿನ ಪುಟ ಅಂದರೆ?"

"ನಾಲ್ಕು ನಾಲ್ಕು ತಿಂಗಳಿಗೆ ಒಂದೊಂದು ಕೋಷ್ಟಕ ಇರತ್ತೆ. ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸಬೇಕಲ್ಲ, ಅದಕ್ಕೆ. ವಯಸ್ಸು ಹೆಚ್ಚಾದ ಹಾಗೆ ಹೆಚ್ಚು ಉತ್ತರ ಸರಿ ಬರಬೇಕು. ಸರ್ಟಿಫಿಕೇಟ್ ಆಮೇಲೆ ತಂದುಕೊಡಿ."

ಮಗುವನ್ನು ಒಳರೂಮಿಗೆ ಕರೆದೊಯ್ದರು, ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನನಗೆ ಒಳಗಿನದು ಅಷ್ಟಿಷ್ಟು ಕಾಣುತ್ತಿತ್ತು. ಮಗು ಕೆಂಪು ಬಿಳಿ ಬ್ಲಾಕುಗಳನ್ನು ಜೋಡಿಸಿದಳು. ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿದಳು. ಪದಗಳ ಅರ್ಥ ಕೇಳಿದಾಗ ಕತೆಯನ್ನೇ ಹೇಳಿದಳು. ಎಲ್ಲ ಸಲೀಸಾಗಿತ್ತು. ಆಮೇಲೆ ಮೇಡಂ ಒಂದು ಹಾಳೆ ಕೊಟ್ಟರು. ಸಾಲುಸಾಲು ಸಣ್ಣ ಆಕಾರಗಳು, ಒಂದೊಂದರೊಳಗೂ ಒಂದು ಗುರುತು ಹಾಕಬೇಕು, ಗಡಿಯಾರ ಓಡುತ್ತಿರುತ್ತದೆ. ಪೆನ್ಸಿಲಿನ ಹಿಂದೆ ರಬ್ಬರ್ ಇರಲಿಲ್ಲ.

"ರಬ್ಬರ್ ಎಲ್ಲಿ?" ಮಗುವಿನ ದನಿ.

"ರಬ್ಬರ್ ಬೇಡ ಪುಟ್ಟಾ. ಬೇಗ ಬೇಗ ಬರೀತಾ ಹೋಗು."

"ತಪ್ಪಾದ್ರೆ ಬರ್ಕೋತೀರಾ?"

ಮೇಡಂ ಏನು ಹೇಳಿದರೋ ಕೇಳಿಸಲಿಲ್ಲ. ಮಗುವಿನ ಬೆನ್ನು ಮಾತ್ರ ಕಾಣುತ್ತಿತ್ತು. ಒಂದು ಗುರುತು ಹಾಕುವುದು, ಕತ್ತು ಬಗ್ಗಿಸಿ ನೋಡುವುದು, ಮೇಲಿನ ಮಾದರಿ ನೋಡುವುದು, ಮತ್ತೆ ನೋಡುವುದು. ಆಮೇಲೆ ಇನ್ನೊಂದು. ಪುಟದ ಕಾಲುಭಾಗ ದಾಟುವುದರೊಳಗೆ ಗಡಿಯಾರ ಕಿಣಿ ಎಂದಿತು.

ಡೈರಿಯ ಆ ಅರ್ಧ ಪುಟ ಖಾಲಿ ಉಳಿದದ್ದು 'ಬರ್ಕೋತೀರಾ' ಎಂಬ ಈ ಪ್ರಶ್ನೆಯಿಂದ. ಏಕೆಂದರೆ ತಪ್ಪಾದರೆ ಬರೆದುಕೊಳ್ಳುವವಳು ನಾನು. ಮಗುವಿಗೆ ನಾಲ್ಕು ತುಂಬಿದಾಗಿನಿಂದ ದಿನಾ ಸಂಜೆ ಅವಳಿಗೆ ಲೆಕ್ಕ ಕೊಡುತ್ತಿದ್ದೆ, ಕಾಗುಣಿತ ಕೊಡುತ್ತಿದ್ದೆ. ಡೈರಿಯ ಕೊನೆಯ ಪುಟಗಳಲ್ಲಿ ಎರಡು ಕಲಂ: ಸರಿ, ತಪ್ಪು. ಒಂದೊಂದಕ್ಕೂ ಒಂದು ಗೀಟು, ನಾಲ್ಕು ಗೀಟಿನ ಮೇಲೆ ಅಡ್ಡ ಗೀಟು. ಬೈದದ್ದಿಲ್ಲ, ಹೊಡೆದದ್ದಂತೂ ಇಲ್ಲವೇ ಇಲ್ಲ. ಬರೆದಿಟ್ಟೆ, ಅಷ್ಟೆ. ನನಗೆ ಅದು ಪ್ರೀತಿಯ ಕೆಲಸವಾಗಿತ್ತು. ಮಲಗುವ ಮೊದಲು ಅವಳು ಕೇಳುತ್ತಿದ್ದಳು: "ಚಿಕ್ಕಿ, ಇವತ್ತು ಎಷ್ಟು ತಪ್ಪು?" ನಾನು ನೋಡಿ ಹೇಳುತ್ತಿದ್ದೆ. ಸರಿ ಎಷ್ಟು ಎಂದು ಅವಳು ಒಂದು ದಿನವೂ ಕೇಳಿರಲಿಲ್ಲ. ಅದು ನನಗೆ ಹೊಳೆದದ್ದು ಆ ಬೆಂಚಿನ ಮೇಲೆ ಕೂತಾಗ.

ಎರಡು ವಾರ ಕಾದೆವು. ಜುಲೈ ಎರಡರಂದು ಅಕ್ಕ ರಜೆ ಹಾಕಿ ಜೊತೆಗೆ ಬಂದಳು. ಮಗುವನ್ನು ಅಮ್ಮನ ಹತ್ತಿರ ಬಿಟ್ಟಿದ್ದೆವು. ಮೇಡಂ ಹನ್ನೆರಡು ಪುಟದ ವರದಿಯನ್ನು ನಮ್ಮ ಮುಂದಿಟ್ಟರು. ಅಕ್ಕನ ಕಣ್ಣು ನೇರವಾಗಿ ಮೊದಲ ಪುಟದ ಕೆಳಗಿನ ಅಂಕಿಗೆ ಹೋಯಿತು.

ನೂರಿಪ್ಪತ್ತೆಂಟು.

"ಎರಡು ಕಡಿಮೆ," ಎಂದಳು ಅಕ್ಕ. ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನೂ ಬಿಟ್ಟೆ.

"ಎರಡು ಕಡಿಮೆ ಅಂತ ಓದಬೇಡಿ," ಎಂದರು ಮೇಡಂ. "ನೀವು ನಂಜನಗೂಡಿನವರಲ್ವಾ? ಸ್ನಾನಘಟ್ಟದಲ್ಲಿ ನೀರು ಇವತ್ತು ಎಂಟನೇ ಮೆಟ್ಟಿಲಲ್ಲಿದೆ, ನಾಳೆ ಬೆಳಿಗ್ಗೆ ಒಂಬತ್ತನೇದರಲ್ಲಿ ಇರಬಹುದು. ಹೊಳೆ ಅದೇ. ಇದೇ ಮಗುವಿಗೆ ಇನ್ನೊಂದು ದಿನ ಪರೀಕ್ಷೆ ಮಾಡಿದ್ರೆ ನೂರಿಪ್ಪತ್ತೆರಡೂ ಬರಬಹುದು, ನೂರಮೂವತ್ತೆರಡೂ ಬರಬಹುದು. ಅದಕ್ಕೇ ಪಕ್ಕದಲ್ಲಿ ಎಲ್ಲಿಂದ ಎಲ್ಲಿವರೆಗೆ ಅಂತ ಬರೆದಿರೋದು. ಅದನ್ನ ಯಾರೂ ಓದಲ್ಲ."

ಅವರು ಮೂರನೇ ಪುಟ ತಿರುವಿದರು. ಅಲ್ಲಿ ಐದು ಕಂಬಗಳ ಒಂದು ಚಿತ್ರ. ನಾಲ್ಕು ಎತ್ತರ, ಒಂದು ಕುಳ್ಳು.

"ಒಟ್ಟು ಅಂಕಿಗಿಂತ ಇದು ಮುಖ್ಯ. ಭಾಷೆಯಲ್ಲಿ ಇವಳು ಬಹಳ ಮುಂದೆ. ತರ್ಕ, ಆಕಾರ, ನೆನಪು, ಎಲ್ಲ ಚೆನ್ನಾಗಿದೆ. ಆದರೆ ವೇಗ ನೋಡಿ, ತೊಂಬತ್ತೊಂದು. ಸಾಧಾರಣ ಮಕ್ಕಳ ಹಾಗೆಯೇ. ಇಷ್ಟು ಅಂತರ ಇದ್ದರೆ ಕಾರಣ ಹುಡುಕಬೇಕು."

"ಏನಾದ್ರೂ ಕಾಯಿಲೆನಾ?" ಅಕ್ಕನ ದನಿ ಒಡೆಯಿತು.

"ಅಲ್ಲ. ಕೈ ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ. ಹಾಕಿದ ಗುರುತಿನಲ್ಲಿ ಒಂದೂ ತಪ್ಪಿಲ್ಲ. ತಪ್ಪು ಮಾಡೋಕೆ ಹೆದರಿ ನಿಧಾನ ಮಾಡಿದಾಳೆ. ಮನೆಯಲ್ಲಿ ಯಾರಾದ್ರೂ ತಪ್ಪಿನ ಲೆಕ್ಕ ಇಡ್ತೀರಾ?"

ಅಕ್ಕ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ. ನನ್ನ ಕೈಯಲ್ಲಿ ಡೈರಿ ಇತ್ತು. ಅದನ್ನು ಚೀಲದೊಳಗೆ ತಳ್ಳಿದೆ.

"ನಾನು ಇಡ್ತೀನಿ," ಎಂದೆ.

ಮೇಡಂ ಬೈಯಲಿಲ್ಲ. "ಬೇಡ ಅಂದರೆ ನಿಲ್ಲಿಸಬಹುದಲ್ಲ," ಎಂದರು. "ಇಂಥ ಮಗುವನ್ನ ಗಡಿಯಾರ ಇಟ್ಟು ಓದಿಸೋ ಕಡೆ ಸೇರಿಸಿದ್ರೆ ಈ ಕುಳ್ಳು ಕಂಬ ಉಳಿದ ನಾಲ್ಕನ್ನೂ ಎಳ್ಕೊಂಡು ಬೀಳತ್ತೆ. ಅದನ್ನೂ ಹನ್ನೊಂದನೇ ಪುಟದಲ್ಲಿ ಬರೆದಿದೀನಿ."

ಹಿಂದಿರುಗುವ ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಎರಡೂ ಕಡೆ ಕಬ್ಬು. ನನಗೆ ಸುಮ್ಮನೆ ಕೂರಲು ಬಾರದು, ವರದಿ ತೆಗೆದು ಮೊದಲಿನಿಂದ ಓದತೊಡಗಿದೆ. ಭಾವನ ಫೈಲಿನಿಂದ ತಂದ ಜನನ ಪ್ರಮಾಣಪತ್ರ ಅದರ ಹಿಂದೆಯೇ ಇತ್ತು. ಮೇಡಂಗೆ ಕೊಡಬೇಕೆಂದು ತಂದದ್ದು, ಗಾಬರಿಯಲ್ಲಿ ಮರೆತಿದ್ದೆ. ವರದಿಯಲ್ಲಿ ಹದಿನೆಂಟು ಫೆಬ್ರವರಿ. ಪ್ರಮಾಣಪತ್ರದಲ್ಲಿ ಹತ್ತೊಂಬತ್ತು.

ಮೂರು ಸಲ ನೋಡಿದೆ. ಆಸ್ಪತ್ರೆಯವರ ತಪ್ಪು ಎಂದುಕೊಂಡೆ. ಮನೆಗೆ ಬಂದು, ಚಪ್ಪಲಿ ಬಿಟ್ಟದ್ದೇ ಆರು ವರ್ಷದ ಹಿಂದಿನ ಡೈರಿಯನ್ನು ಟ್ರಂಕಿನಿಂದ ತೆಗೆದೆ. ಹದಿನೆಂಟರ ಪುಟದ ಕೊನೆಯಲ್ಲಿ ನನ್ನ ಹದಿನಾರನೇ ವಯಸ್ಸಿನ ದುಂಡು ಅಕ್ಷರ: ಬೆಳಗಿನ ಜಾವ ನಾಲ್ಕೂ ಐದು, ಹೆಣ್ಣು ಮಗು, ಎರಡು ಕೆಜಿ ಒಂಬೈನೂರು.

ಅದು ಹತ್ತೊಂಬತ್ತನೇ ತಾರೀಕಿನ ಬೆಳಗಿನ ಜಾವ. ನಮ್ಮ ಅಜ್ಜ ಮಠದಲ್ಲಿ ಪೂಜೆ ಮಾಡಿಕೊಂಡಿದ್ದವರು. ನಮ್ಮ ಮನೆಯಲ್ಲಿ ಸೂರ್ಯ ಹುಟ್ಟದೆ ದಿನ ಬದಲಾಗುವುದಿಲ್ಲ. ನಾಲ್ಕು ಗಂಟೆಗೆ ಹುಟ್ಟಿದ ಮಗು ಹಿಂದಿನ ದಿನದ ಮಗು. ಹುಟ್ಟಿದ ಹಬ್ಬವನ್ನೂ ಪಂಚಾಂಗ ನೋಡಿ ತಿಥಿಯ ದಿನವೇ ಮಾಡುವುದರಿಂದ ಇಂಗ್ಲಿಷ್ ತಾರೀಕು ಯಾರ ಬಾಯಲ್ಲೂ ಇರಲಿಲ್ಲ. ಡೈರಿಯ ದಿನವೂ ಸೂರ್ಯನಿಂದ ಸೂರ್ಯನಿಗೆ. ಅಮ್ಮ ಹೇಳಿಕೊಟ್ಟದ್ದು ಹಾಗೆ, ನಾನು ಬರೆದದ್ದು ಹಾಗೆ.

ಅಮ್ಮನನ್ನು ಕೇಳಿದೆ. ಅವಳು ಹುಣಸೆಹಣ್ಣಿನ ನಾರು ಬಿಡಿಸುತ್ತಾ, "ಹೊತ್ತು ಹುಟ್ಟಿರಲಿಲ್ವಲ್ಲೇ, ಹತ್ತೊಂಬತ್ತು ಹೇಗಾಗತ್ತೆ?" ಎಂದಳು.

ಹಾಗಾದರೆ ಪರೀಕ್ಷೆಯ ದಿನ ಮಗುವಿಗೆ ಆರು ವರ್ಷ ನಾಲ್ಕು ತಿಂಗಳು ತುಂಬಿರಲಿಲ್ಲ. ಒಂದು ದಿನ ಬಾಕಿ ಇತ್ತು. ನೋಡಬೇಕಾಗಿದ್ದದ್ದು ಹಿಂದಿನ ಪುಟ. ಚಿಕ್ಕ ಮಕ್ಕಳ ಪುಟ. ಅಲ್ಲಿ ಅದೇ ಉತ್ತರಗಳಿಗೆ ಹೆಚ್ಚು ಅಂಕ.

ಗುರುವಾರದಿಂದ ಭಾನುವಾರದವರೆಗೆ ಈ ವಿಷಯ ಇಡೀ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಭಾವ ಊಟ ಮಾಡುತ್ತಾ "ಎರಡೇ ಎರಡು ಅಂಕ," ಎಂದಾಗಲೆಲ್ಲ ನೀರು ತರುವ ನೆಪದಲ್ಲಿ ಎದ್ದುಹೋಗುತ್ತಿದ್ದೆ. ಹೇಳಿದರೆ ಮಗು ಮರಳಿನ ಗಡಿಯಾರದ ಮುಂದೆ ಕೂರುತ್ತದೆ. ಹೇಳದಿದ್ದರೆ ಬೆಂಚಿನ ಕೆಳಗೆ ಮಲಗುತ್ತದೆ, ಅದೂ ನನ್ನ ತಪ್ಪಿನಿಂದ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು ಎಂದು ತಿಳಿಯಲಿಲ್ಲ. ಶುಕ್ರವಾರ ಮಗುವಿಗೆ ಲೆಕ್ಕ ಕೊಡಲಿಲ್ಲ. ಶನಿವಾರವೂ ಕೊಡಲಿಲ್ಲ. ಅವಳು ಪಾಟಿ ಹಿಡಿದುಕೊಂಡು ಬಂದು, "ನಾನೇನು ತಪ್ಪು ಮಾಡ್ದೆ?" ಎಂದಳು.

ಭಾನುವಾರ ಬಟ್ಟೆ ಒಣಹಾಕುವಾಗ ಅಕ್ಕನಿಗೆ ಹೇಳಿದೆ. ಅವಳು ಒದ್ದೆ ಸೀರೆಯ ತುದಿ ಹಿಡಿದುಕೊಂಡೇ ನಿಂತಳು.

"ಸುಮ್ನಿರೇ," ಎಂದಳು. "ಹತ್ತು ದಿನ ಸುಮ್ನಿರು, ವಾಯಿದೆ ಮುಗಿಯತ್ತೆ."

"ನಾಳೆ ದೊಡ್ಡವಳಾಗಿ ಕೇಳಿದ್ರೆ?"

"ಕೇಳಿದ್ರೆ ನಾನು ಹೇಳ್ತೀನಿ. ಮಹಾ ಲೆಕ್ಕದವಳು! ಇಷ್ಟು ವರ್ಷ ಅವಳ ತಪ್ಪು ಬರ್ಕೊಂಡೆಯಲ್ಲ, ಈಗ ನಿಂದು ಒಂದನ್ನ ಬರೀದೇ ಇರೋಕೆ ಆಗಲ್ವಾ?"

ಚುಚ್ಚಬೇಕೆಂದೇ ಆಡಿದ ಮಾತು, ಚುಚ್ಚಿತು. ಆದರೆ ನನಗೆ ದಾರಿ ಕಾಣಿಸಿದ್ದು ಆ ಮಾತಿನಿಂದಲೇ: ನನ್ನ ತಪ್ಪನ್ನು ಮಗುವಿನ ಎದುರಿಗೇ ಒಪ್ಪಿಕೊಳ್ಳಬೇಕು.

ಜುಲೈ ಒಂಬತ್ತು, ಗುರುವಾರ. ಮಗುವನ್ನು ಕರೆದುಕೊಂಡೇ ಹೋದೆ. ಅದೇ ಬೆಂಚು, ಅದೇ ಅಜ್ಜಿ. "ಇನ್ನೂ ಅಳ್ದು ಮುಗೀನಿಲ್ವಾ ನಿಮ್ದು?" ಎಂದಳು. ಈ ಸಲ ಮಗುವೇ ಉತ್ತರ ಕೊಟ್ಟಳು: "ಸೇರು ತುಂಬಿ ಚೆಲ್ಲಿತ್ತು ಅಜ್ಜಿ, ಮತ್ತೆ ಅಳೀತಾರೆ." ಅಜ್ಜಿಯ ತೊಡೆಯ ಮೇಲಿದ್ದ ಮಗು, ಮಾತು ಬಾರದ್ದು, ಕೈ ತಟ್ಟಿತು.

ಮೇಡಂ ಪ್ರಮಾಣಪತ್ರ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ಪತ್ರ ನೋಡದೆ ಲೆಕ್ಕ ಹಾಕಬಾರದಿತ್ತು," ಎಂದರು. ಹಳೆಯ ಹಾಳೆಗಳನ್ನು ತೆಗೆದು ಹಿಂದಿನ ಪುಟಕ್ಕೆ ಹೋಗಿ ಒಂದೊಂದಾಗಿ ಬೆರಳಿಟ್ಟು ಮತ್ತೆ ಕೂಡಿಸಿದರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ನೂರಮೂವತ್ತೊಂದು.

"ಈ ಮಗು ಒಂದು ದಿನಕ್ಕೆ ಬದಲಾಗಲಿಲ್ಲ," ಎಂದರು. "ಪುಟ ಬದಲಾಯಿತು. ನಾನು ನಿಜವಾದ ಅಂಕಿ ಬರೆದುಕೊಡಲೇಬೇಕು. ಹನ್ನೊಂದನೇ ಪುಟ ಮಾತ್ರ ಹಾಗೇ ಇರತ್ತೆ. ಅದನ್ನ ಮನೆಯವರಿಗೆ ಓದಿಸೋದು ನಿಮ್ಮ ಕೆಲಸ."

ಮಗು ನಮ್ಮಿಬ್ಬರ ಮುಖ ನೋಡುತ್ತಿದ್ದಳು. "ಯಾರು ತಪ್ಪು ಮಾಡಿದ್ದು?"

"ನಾನು," ಎಂದೆ. "ನೀನು ಹುಟ್ಟಿದ ದಿನ ತಪ್ಪು ಬರೆದಿದ್ದೆ."

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಅವಳ ಮುಖ ಸಣ್ಣದಾಯಿತು. ಹತ್ತಿರ ಬಂದು ನನ್ನ ಮೊಣಕೈ ಹಿಡಿದುಕೊಂಡು, ಮೇಡಂಗೆ ಕೇಳಿಸದ ಹಾಗೆ, "ಚಿಕ್ಕಿ, ಅವರು ಬರ್ಕೊಂಡ್ರಾ?" ಎಂದಳು.

ನನಗಾಗಿ ಹೆದರಿದ್ದಳು. ಆರು ವರ್ಷದ ಮಗು.

ಅಂದು ಸಂಜೆ ಹೊಸ ವರದಿಯನ್ನು ಭಾವನ ಮುಂದಿಟ್ಟು ಎಲ್ಲ ಹೇಳಿದೆ. ಅಕ್ಕ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಭಾವ ಮೊದಲ ಪುಟ ನೋಡಿ ಎದ್ದೇ ನಿಂತರು. "ಹನ್ನೊಂದನೇ ಪುಟ ಓದಿ ಭಾವ," ಎಂದೆ. ಓದಿದರು. ಮೂರನೇ ಪುಟದ ಕಂಬಗಳನ್ನೂ ನೋಡಿದರು. ಫೈಲಿನಲ್ಲಿಟ್ಟು, ಮಾರನೆಯ ದಿನ ಬೆಳಿಗ್ಗೆ ಆ ಶಾಲೆಗೆ ಹೋದರು. ಹನ್ನೆರಡೂವರೆಗೆ ಹಿಂದಿರುಗಿದರು. ಮೂರು ಗಂಟೆ ಐದು ನಿಮಿಷ ನಾನು ಬಾಗಿಲು ನೋಡುತ್ತಾ ಕೂತಿದ್ದೆ.

ಫೈಲನ್ನು ಮೇಜಿನ ಮೇಲೆ ಎಸೆದರು. "ಮೊದಲನೇ ಪುಟದ ಜೆರಾಕ್ಸ್ ಸಾಕಂತೆ. ಮಿಕ್ಕಿದ್ದು ಬೇಡವಂತೆ. ಹನ್ನೊಂದನೇ ಪುಟ ಓದಿ ಅಂದೆ. 'ಅದೆಲ್ಲ ನಾವು ನೋಡಲ್ಲ ಸಾರ್, ನಂಬರ್ ಬಂದಿದೆಯಲ್ಲ' ಅಂದ್ರು."

"ನೀವೇನಂದ್ರಿ?" ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಇಪ್ಪತ್ತು ವರ್ಷದಿಂದ ಜಮೀನು ಅಳೀತಿದೀನಿ ಕಣೇ. ನಕ್ಷೆ ನೋಡದೆ ಬರೀ ಗುಂಟೆ ನೋಡಿ ಸಹಿ ಹಾಕೋನ ಕೈಗೆ ಯಾರೂ ಜಮೀನು ಕೊಡಲ್ಲ. ನಾನು ಮಗೂನ ಕೊಡ್ತೀನಾ?" ಆಮೇಲೆ ದನಿ ತಗ್ಗಿಸಿ, "ಆದ್ರೂ ಅವಳು ಕಿಟಕಿ ನೋಡ್ಕೊಂಡು ಕೂತರೆ ಏನು ಮಾಡೋಣ?" ಎಂದರು.

ಜುಲೈ ಹದಿನೈದು ಕಳೆಯಿತು. ಹನ್ನೊಂದನೇ ಪುಟವನ್ನು ಅಕ್ಕ ಒಂದನೇ ತರಗತಿಯ ಟೀಚರಿಗೆ ಕೊಟ್ಟಳು. ಈಗ ವಾರಕ್ಕೆ ಮೂರು ದಿನ ಓದುವ ಪಾಠಕ್ಕೆ ಮಗು ಮೂರನೇ ತರಗತಿಗೆ ಹೋಗಿ ಕೂರುತ್ತಾಳೆ. ಬೆಂಚಿನ ಕೆಳಗೆ ಮಲಗಿದ್ದು ಆಗಸ್ಟಿನಲ್ಲಿ ಎರಡು ಸಲ, ಸೆಪ್ಟೆಂಬರಿನಲ್ಲಿ ಒಂದು ಸಲ. ಇದನ್ನು ಇನ್ನೂ ಬರೆದಿಡುತ್ತೇನೆ. ಸರಿ ತಪ್ಪಿನ ಕಲಂ ಮಾತ್ರ ಜುಲೈ ಎರಡಕ್ಕೆ ನಿಂತಿದೆ.

ಆದರೆ ಅವಳ ಪ್ರಶ್ನೆ ನಿಂತಿಲ್ಲ. ನಿನ್ನೆಯೂ ಹೊದಿಕೆಯೊಳಗೆ ನುಸುಳಿ ಕೇಳಿದಳು: "ಚಿಕ್ಕಿ, ಇವತ್ತು ಎಷ್ಟು ತಪ್ಪು?"

"ಎಣಿಸಿಲ್ಲ ಕಣೇ."

ಅವಳು ನನ್ನ ಕೈಯ ಮೇಲೆ ತಲೆಯಿಟ್ಟಳು. ನಿದ್ದೆ ಬಂತು ಎಂದುಕೊಂಡು ನಾನು ಕೈ ಎಳೆದುಕೊಳ್ಳಲು ಹೋದೆ. ಹೊದಿಕೆಯ ಕೆಳಗೆ ಅವಳ ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು. ಐದನೆಯದಕ್ಕೆ ಬಂದಾಗ ನಾನು ಆ ಕೈಯನ್ನು ಮುಷ್ಟಿಯೊಳಗೆ ಹಿಡಿದುಕೊಂಡೆ.

"ಬಿಡು ಚಿಕ್ಕಿ, ಲೆಕ್ಕ ಮರ್ತುಹೋಗತ್ತೆ," ಎಂದಳು.

ಬಿಡಲಿಲ್ಲ. ಅವಳು ಮರೆತು ನಿದ್ದೆ ಹೋಗುವವರೆಗೂ ಹಾಗೇ ಹಿಡಿದುಕೊಂಡಿದ್ದೆ.